ಹೋಗದೆ ಬಂದ ವಿಮಾನ

ಕೇರ್ನ್ಸ್, ಕ್ವೀನ್ಸ್‌ಲ್ಯಾಂಡ್
೪ ಮೇ ೧೯೩೭

ಥೋರಾ,

ಹಡಗಿಂದ ಇಳಿದು ಮೂರು ದಿನವಾಯಿತು, ನೆಲ ಇನ್ನೂ ತೂಗುತ್ತಿದೆ. ಡಾಕ್ಟರು ನನ್ನ ಬಲಗಣ್ಣಿಗೆ ಅಂಗೈ ಮುಚ್ಚಿ, "ಗೋಡೆ ಮೇಲಿನ ಅಕ್ಷರ ಓದಿ, ಟ್ರೆಲೋರ್" ಅಂದ. "ಯಾವ ಗೋಡೆ?" ಅಂದೆ. ಅವನಿಗೆ ನಗು ಬರಲಿಲ್ಲ. ಎಡಗಣ್ಣಿಗೆ ಮಬ್ಬು ಕವಿದಿದೆಯಂತೆ. ಹನಿ ಹಾಕಿಕೊಂಡು ಕ್ರಿಸ್ಮಸ್‌ವರೆಗೆ ಕಾಯಬೇಕು. ಅರ್ಜಿ ಆಗಲೇ ಹಾಕಿದ್ದೇನೆ, ಕಣ್ಣು ತಿಳಿಯಾದರೆ ಡಾಕ್ಟರು ತಾನೇ ವಿಮಾನ ಇಲಾಖೆಗೆ ಬರೆದು ನನ್ನ ಲೈಸೆನ್ಸು ವಾಪಸು ಕೊಡಿಸುತ್ತಾನಂತೆ. ಅಂದರೆ ಎಂಟು ತಿಂಗಳು ನನ್ನ ವಿಮಾನ ನಿನ್ನ ಕೈಯಲ್ಲಿ.

ನಿನ್ನನ್ನು ಕೆಲಸಕ್ಕಿಟ್ಟುಕೊಂಡು ಅದನ್ನು ಓಡಿಸುವುದು ಕಲಿಸಿದವನು ನಾನೇ, ಆದರೂ ಹೇಳುತ್ತೇನೆ. ಬೆಳಗಿನ ಚಳಿಯಲ್ಲಿ ಎಂಜಿನ್ನಿಗೆ ಅವಸರ ಮಾಡಬೇಡ. ಹತ್ತು ಗಂಟೆಯ ಮೇಲೆ ಬೆಟ್ಟದ ಸಂದಿಯನ್ನು ಮೋಡ ಮುಚ್ಚಿಕೊಳ್ಳುತ್ತದೆ, ಅಷ್ಟರೊಳಗೆ ವಾವ್‌ಗೆ ಮರಳಿರು. ವಾವ್‌ನ ಚಿನ್ನದ ಗಣಿಗೆ ಮೊದಲ ಕರುವನ್ನು ಹಾರಿಸಿ ತಂದವನು ನಾನು. ವಿಮಾನದ ಮುಂದಿನ ಕೋಣೆಯಲ್ಲಿ ಅದು ಕಿಟಕಿಯಿಂದ ಮೋಡ ನೋಡುತ್ತಿತ್ತು, ಹಿಂದೆ ಕೂತು ನಾನು ಅದರ ಬಾಲ ನೋಡುತ್ತಿದ್ದೆ. ಅದಕ್ಕೂ ಮೊದಲು ಇನ್ನಿಸ್ಫೇಲ್‌ನಲ್ಲಿ ಕಬ್ಬು ಕಡಿಯುತ್ತಿದ್ದೆ. ಯಾರಪ್ಪನ ಆಸ್ತಿಯಿಂದಲೂ ನಾನು ಮೇಲೆ ಹಾರಿದವನಲ್ಲ.

ಈಗ ಮುಖ್ಯ ವಿಷಯ. ಒರೊಂಬ ಕಣಿವೆಯಲ್ಲಿ ಕಾಲಿಡಬೇಡ. ಹೋದ ವರ್ಷ ಒಂಬತ್ತು ದಿನ ನಡೆದು ಹೋಗಿ, ವಿಮಾನ ಇಳಿಸಲು ಆ ಜಾಗ ಆರಿಸಿದವನು ನಾನು. ಊರಿನ ಹಿರಿಯ ಕುಂಡುವ ಮೈದಾನದ ನಟ್ಟನಡುವೆ ಕೆಂಪೆಲೆಯ ಗಿಡವೊಂದನ್ನು ನೆಟ್ಟು, ಬಿಳಿಯರನ್ನೆಲ್ಲ ಕರೆಯುವಂತೆ ನನ್ನ ಹೆಸರಿಗೂ 'ದೊರೆ' ಸೇರಿಸಿ ಹೇಳಿದ: "ಮಾಸ್ಟ ಮೆರ್ವಿ, ಇದನ್ನ ನೀನೇ ಬಂದು ಕೀಳ್ಬೇಕು. ಅಲ್ಲೀವರ್ಗೂ ನಮ್ ಹುಲ್ಲಿನ್ ಮೇಲೆ ಹಕ್ಕಿ ಸಹ ಇಳಿಯಂಗಿಲ್ಲ." ಒಂದೇ ಕಬ್ಬನ್ನು ಇಬ್ಬರೂ ಅಗಿದು ಮಾತು ಗಟ್ಟಿ ಮಾಡಿಕೊಂಡೆವು. ಆ ಜನ ಮಾತಿಗೆ ಪ್ರಾಣ ಕೊಡುತ್ತಾರೆ. ನೀನು ಎಂದಿನಂತೆ ಮೇಲಿಂದ ಉಪ್ಪಿನ ಮೂಟೆ ಎಸೆದು ಬಾ, ಸಾಕು. ಕೆಳತುದಿಯಲ್ಲೊಂದು ದೊಡ್ಡ ಮರವಿದೆ, ಇಳಿಯುವ ದಾರಿಗೆ ಅಡ್ಡ. ಅದನ್ನು ಕಡಿಸಲಿ ಅಂತ ಅಲ್ಲಿನ ಮಿಷನ್ ಮೇಷ್ಟ್ರು ಮನಾಸೆಗೆ ಚೀಟಿ ಎಸೆ. ನಾನು ಬರುವಷ್ಟರಲ್ಲಿ ಎಲ್ಲ ತಯಾರಿರಬೇಕು.

ಪ್ರತಿ ತಿಂಗಳೂ ಹಾರಾಟದ ಹಾಳೆ ಕಳಿಸು. ದಿನ, ಎಲ್ಲಿಂದ ಎಲ್ಲಿಗೆ, ಎಷ್ಟು ನಿಮಿಷ, ಎಷ್ಟು ತೂಕ.

ಮರ್ವ್ ಟ್ರೆಲೋರ್

*

ವಾವ್, ನ್ಯೂಗಿನಿ
೩೦ ಮೇ ೧೯೩೭

ಯಜಮಾನರೇ,

ನಿಮ್ಮ ವಿಮಾನ ಸುಖವಾಗಿದೆ. ಕಾಲು ಎಟಕುವುದಿಲ್ಲ ಅಂತ ನಿಮ್ಮ ಸೀಟಿನ ಮೇಲೆ ಬೆನ್ನಿಗೊಂದು ದಿಂಬು ಇಟ್ಟಿದ್ದೇನೆ. ಉರಿದುಕೊಳ್ಳಬೇಡಿ, ನೀವು ಬಂದ ದಿನ ತೆಗೆಯುತ್ತೇನೆ.

ಈ ತಿಂಗಳು ಹೊತ್ತದ್ದು: ಗಣಿಗೆ ಪಂಪು ಎರಡು, ಹಿಟ್ಟು, ಒಬ್ಬ ದಂತವೈದ್ಯ, ಅವನ ಕುರ್ಚಿ. ಕುರ್ಚಿ ಅವನಿಗಿಂತ ಭಾರ. ತಕ್ಕಡಿ ಮೇಲೆ ನಿಲ್ಲಿ ಅಂದರೆ ಅವನಿಗೆ ಸಿಟ್ಟು: "ಏನಮ್ಮಾ, ನಾನೇನ್ ಆಲೂಗಡ್ಡೆ ಮೂಟೇನಾ?" "ಅಲ್ಲ ಸ್ವಾಮಿ, ಆಲೂಗಡ್ಡೆ ಹಾರುವಾಗ ವಾಂತಿ ಮಾಡ್ಕೊಳಲ್ಲ" ಅಂದೆ. ಅವನು ಮಾಡಿಕೊಂಡ.

ಒರೊಂಬದ ಮೇಲೆ ಎರಡು ಸಲ ಹಾರಿದೆ. ಯಜಮಾನರೇ, ನೀವು ಅದನ್ನು ನೋಡಬೇಕಿತ್ತು. ಮುನ್ನೂರು ನಾನೂರು ಜನ ಸಾಲುಸಾಲಾಗಿ ಕೈ ಹಿಡಿದು ಮೈದಾನದ ಮೇಲಿನಿಂದ ಕೆಳಗೆ ಕುಣಿಯುತ್ತಾ ಬರುತ್ತಾರೆ, ಮತ್ತೆ ಮೇಲೆ ಹೋಗುತ್ತಾರೆ. ರೋಲರು ಇಲ್ಲ, ಕಾಲೇ ರೋಲರು. ನಿಮ್ಮ ಕೆಂಪುಗಿಡದ ಸುತ್ತ ಮಾತ್ರ ಸಾಲು ಎರಡಾಗಿ ಒಡೆದು ಮತ್ತೆ ಕೂಡುತ್ತದೆ. ಇದನ್ನು ನೋಡಿ ನದಿಯಾಚೆ ಊರಿನವರಿಗೂ ಹೊಟ್ಟೆಕಿಚ್ಚು ಹತ್ತಿ ತಾವೂ ಒಂದು ಮೈದಾನ ಕುಣಿಯಲು ಶುರು ಮಾಡಿದ್ದಾರೆ. ಅವರದ್ದು ಗುಡ್ಡಕ್ಕೆ ಎದುರಾಗಿದೆ, ಅಲ್ಲಿ ಇಳಿಯಲು ಹಕ್ಕಿಯೂ ಒಪ್ಪುವುದಿಲ್ಲ.

ಮರ ಕಡಿಸುವ ಚೀಟಿ ಎಸೆದಿದ್ದೇನೆ. ಸಿಡ್ನಿಯಿಂದ ಪೇಪರಿನವನೊಬ್ಬ ಬಂದಿದ್ದ. ಹೆಚ್ಚೇನೂ ಮಾತಾಡಲಿಲ್ಲ.

ಕಣ್ಣಿಗೆ ಹನಿ ತಪ್ಪಿಸಬೇಡಿ.

ಥೋರಾ ಲಿಂಡೆಮನ್

*

ಕೇರ್ನ್ಸ್
೨೭ ಜೂನ್ ೧೯೩೭

ಥೋರಾ,

ಹೆಚ್ಚೇನೂ ಮಾತಾಡಲಿಲ್ಲವಂತೆ. ಅರ್ಧ ಪುಟ ಬಂದಿದೆ.

ನನಗೆ ಗೊತ್ತಾಗಿದ್ದು ಕ್ಷೌರದ ಅಂಗಡಿಯಲ್ಲಿ. ಮುಖಕ್ಕೆ ಸಾಬೂನು ಹಚ್ಚಿ, ಕತ್ತಿ ಗಂಟಲ ಮೇಲಿಟ್ಟು, "ಏನ್ ಮರ್ವ್, ನಿನ್ ವಿಮಾನದ್ ಯಜಮಾನಿ ಪೇಪರಲ್ಲಿ ಬಂದವ್ಳೆ!" ಅಂದ. ಪಕ್ಕದ ಕುರ್ಚಿಯವನು ಸೇರಿಸಿದ: "ಹೌದಾ? ಇವ್ನೂ ಹಾರಾಡ್ತಿದ್ನಂತಲ್ಲ ಮುಂಚೆ?" ಮುಂಚೆ! ಆರು ವರ್ಷದಲ್ಲಿ ಎರಡು ಸಾವಿರದ ನಾನೂರ ಹತ್ತು ಗಂಟೆ ಆ ಬೆಟ್ಟಗಳ ಮೇಲೆ ಕಳೆದಿದ್ದೇನೆ. ಗಂಟಲ ಮೇಲೆ ಕತ್ತಿ ಇದ್ದದ್ದರಿಂದ ಬಾಯಿ ಬಿಡಲಿಲ್ಲ.

ಫೋಟೋದಲ್ಲಿ ನೀನು ರೆಕ್ಕೆಗೆ ಒರಗಿ ನಗುತ್ತಿದ್ದೀಯ. ಅದು ಯಾರ ರೆಕ್ಕೆ ಅಂತ ಎಲ್ಲೂ ಬರೆದಿಲ್ಲ. 'ಮೋಡದಾಚೆಯ ಕಣಿವೆಗಳನ್ನು ಜಗತ್ತಿಗೆ ತೆರೆದ ಹೆಣ್ಣುಮಗಳು' ಎಂದಿದೆ. ನೀನು ಯಾವ ಕಣಿವೆ ತೆರೆದೆ, ಪಟ್ಟಿ ಕಳಿಸು. ನಾನು ತೆರೆದವು ಏಳು. ಎಂಟನೆಯದು ಒರೊಂಬ. ಪೇಪರಿನವರು ಮುಂದಿನ ಸಲ ಬಂದಾಗ ಈ ಲೆಕ್ಕ ಕೊಡು.

ದಿಂಬಿನ ವಿಷಯಕ್ಕೆ ನನಗೆ ಉರಿಯೇನೂ ಇಲ್ಲ. ಯಾವ ಬಣ್ಣ?

ಮರ್ವ್

*

ವಾವ್
೨೨ ಆಗಸ್ಟ್ ೧೯೩೭

ಯಜಮಾನರೇ,

ತಡವಾಗಿ ಬರೆಯುತ್ತಿದ್ದೇನೆ, ಬೇಸರಿಸಬೇಡಿ. ಜುಲೈ ಹಾಳೆಯನ್ನೂ ಆಗಸ್ಟ್ ಇಪ್ಪತ್ತರವರೆಗಿನದನ್ನೂ ಜೊತೆಗಿಟ್ಟಿದ್ದೇನೆ. ಪೇಪರಿನವನಿಗೆ ನಿಮ್ಮ ಹೆಸರು ಹನ್ನೊಂದು ಸಲ ಹೇಳಿದ್ದೆ, ಅವನು ಬರೆಯದಿದ್ದರೆ ನಾನೇನು ಮಾಡಲಿ?

ಬಾಲದಡಿ ನೆಲಕ್ಕೆ ಉಜ್ಜುವ ಉಕ್ಕಿನ ಪಟ್ಟಿ ಸವೆದಿದೆ, ಹೊಸದು ಕಳಿಸಿ. ಒರೊಂಬದಲ್ಲಿ ಆ ಮರ ಬಿತ್ತು. ನೆಲ ಇನ್ನೂ ಮೆತ್ತಗಿದೆ, ಕುಣಿಯುತ್ತಲೇ ಇದ್ದಾರೆ. ನೀವು ಬರುವ ಹೊತ್ತಿಗೆ ಸರಿಯಾಗುತ್ತದೆ.

ದಿಂಬು ಹಸಿರು.

ಥೋರಾ

*

ಕೇರ್ನ್ಸ್
೧೨ ಸೆಪ್ಟೆಂಬರ್ ೧೯೩೭

ಥೋರಾ,

ನಿನ್ನ ಹಾಳೆಯನ್ನು ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಒಂದು ಭಾನುವಾರ ಕೂತೆ. ಬಲಗಣ್ಣು ಚೆನ್ನಾಗಿದೆ, ಲೆಕ್ಕಕ್ಕೆ ಒಂದು ಸಾಕು.

ಆಗಸ್ಟ್ ಹನ್ನೊಂದು: 'ವಾವ್‌ನಿಂದ ಒರೊಂಬ, ಮೇಲಿಂದ ಎಸೆತ, ಮರಳಿ ವಾವ್. ಎರಡು ಗಂಟೆ ಐವತ್ತು ನಿಮಿಷ.' ಒಪ್ಪಿದೆ. ಆ ದಿನ ಮತ್ತೇನೂ ಇಲ್ಲ.

ಆಗಸ್ಟ್ ಹನ್ನೆರಡು: 'ಸಲಮೋವಾದಿಂದ ವಾವ್. ಮೂವತ್ತೈದು ನಿಮಿಷ.'

ಸಮುದ್ರದಂಡೆಯ ಸಲಮೋವಾದಿಂದ ಬಂದೆ, ಸರಿ. ಹೋದದ್ದು ಯಾವಾಗ? ಹನ್ನೊಂದರ ರಾತ್ರಿ ನಿನ್ನ ಲೆಕ್ಕದಲ್ಲಿ ವಿಮಾನ ವಾವ್‌ನಲ್ಲಿ ನಿಂತಿದೆ, ಬೆಳಗಾದರೆ ಸಲಮೋವಾದಿಂದ ಬರುತ್ತಿದೆ. ಹೋಗದೆ ಬರುವ ಈ ವಿದ್ಯೆಯನ್ನು ನನಗೂ ಹೇಳಿಕೊಡು, ಪೆಟ್ರೋಲು ಉಳಿಯುತ್ತದೆ.

ಬಾಲದ ಪಟ್ಟಿ ಕೂಡ. ಸಲಮೋವಾದ್ದು ಮರಳು, ವಾವ್‌ದು ಹುಲ್ಲು. ಎರಡೂ ಉಕ್ಕನ್ನು ಹೀಗೆ ತಿನ್ನುವುದಿಲ್ಲ. ಕಲ್ಲು ಬೆರೆತ ಹೊಸ ಮಣ್ಣು ತಿನ್ನುತ್ತದೆ. ಅಂಥ ಹೊಸ ಮಣ್ಣು ಎಲ್ಲಿದೆ ಅಂತ ನನಗೂ ಗೊತ್ತು, ನಿನಗೂ ಗೊತ್ತು.

ಒಂದೇ ಪ್ರಶ್ನೆ. ಒರೊಂಬದಲ್ಲಿ ಇಳಿದೆಯಾ?

ಮರ್ವ್

*

ವಾವ್
೩ ಅಕ್ಟೋಬರ್ ೧೯೩೭

ಯಜಮಾನರೇ,

ಹಾಳೆಯಲ್ಲಿ ಒಂದು ಸಾಲು ತಪ್ಪಿದೆ, ನಿಜ. ಅದನ್ನು ಕಾಗದದಲ್ಲಿ ಬರೆಯಲಾರೆ. ಕ್ರಿಸ್ಮಸ್‌ಗೆ ನೀವು ಬರುತ್ತೀರಲ್ಲ, ಎದುರಿಗೆ ಕೂತು ಮಾತಾಡೋಣ. ಅಲ್ಲಿಯವರೆಗೆ ನನ್ನ ಮೇಲೆ ನಂಬಿಕೆಯಿಡಿ, ದಯವಿಟ್ಟು. ನಾನು ಇಷ್ಟು ವರ್ಷದಲ್ಲಿ ನಿಮ್ಮನ್ನು ಬೇರೇನೂ ಕೇಳಿಲ್ಲ.

ಕಣ್ಣು ಹೇಗಿದೆ? ಅದನ್ನು ಬರೆಯಲೇ ಇಲ್ಲ.

ಥೋರಾ

*

ಕೇರ್ನ್ಸ್
೨೦ ಅಕ್ಟೋಬರ್ ೧೯೩೭

ಕುಮಾರಿ ಲಿಂಡೆಮನ್ ಅವರಿಗೆ,

ಕಣ್ಣು ಚೆನ್ನಾಗಿದೆ. ಗೋಡೆಯ ಮೇಲೆ ಮೂರನೇ ಸಾಲಿನವರೆಗೆ ಓದುತ್ತೇನೆ. ನಿಮಗೆ ಇದು ಕೆಟ್ಟ ಸುದ್ದಿಯೇನೋ.

ಹೋದ ವಾರ ಹಡಗುಕಟ್ಟೆಯಲ್ಲಿ ಸಲಮೋವಾ ಹಡಗಿನ ಬಡಗಿ ಸಿಕ್ಕಿದ್ದ. ನಾನು ಕೇಳದೆಯೇ ಶುರು ಮಾಡಿದ: "ನಿಮ್ ಹುಡ್ಗಿ ಗಟ್ಟಿಗಿತ್ತಿ ಬಿಡಿ! ಅದೇನೋ ಒರೊಂಬ ಅಂತೆ, ಯಾರೂ ಇಳೀದೇ ಇರೋ ಕಡೆ ಇಳಿದ್ಬಿಟ್ಳಂತೆ. ಹಂದಿ ಕೊಯ್ದು ಊಟ ಹಾಕಿದ್ರಂತೆ. ಬಾರಲ್ಲಿ ಎಲ್ರೂ ಅದ್ನೇ ಮಾತಾಡ್ತಾರೆ." ಅವನಿಗೆ ಬಿಯರು ಕೊಡಿಸಿದೆ. ಪೂರ್ತಿ ಕೇಳಬೇಕಿತ್ತಲ್ಲ.

ಹಂದಿ ಕೊಯ್ದರಂತೆ. ಕುಂಡುವ ಕೊಯ್ಯಬೇಕಿದ್ದದ್ದು ನನಗಾಗಿ. ಐದೂವರೆ ತಿಂಗಳಿಂದ ನಾನು ಇಲ್ಲಿ ಕಣ್ಣಿಗೆ ಹನಿ ಬಿಟ್ಟುಕೊಂಡು, ಮಲಗುವ ಮುಂಚೆ ದಿನಾ ಒಂದು ಸಲ ಆ ಮೈದಾನಕ್ಕೆ ಇಳಿಯುತ್ತಿದ್ದೆ. ಎಡಕ್ಕೆ ನದಿ, ಬಲಕ್ಕೆ ಗುಡ್ಡದ ಭುಜ, ಎಂಜಿನ್ ತಗ್ಗಿಸಿ, ಹುಲ್ಲು. ಈಗ ಕಣ್ಣು ಮುಚ್ಚಿದರೆ ಆ ಸೀಟಿನಲ್ಲಿ ನೀವು ಹಸಿರು ದಿಂಬಿಗೆ ಒರಗಿ ಕೂತಿರುತ್ತೀರಿ.

ಸರಕಾರದ ಒಪ್ಪಿಗೆಯಿಲ್ಲದ ನೆಲದಲ್ಲಿ ಇಳಿಯುವುದು ಕಾನೂನಿಗೆ ವಿರುದ್ಧ. ಇಲಾಖೆಯ ಇನ್ಸ್‌ಪೆಕ್ಟರಿಗೆ ಬರೆದಿದ್ದೇನೆ. ಹಾಳೆಯ ಪ್ರತಿಯನ್ನೂ ನನ್ನ ಕೈಯಾರೆ ಮಾಡಿ ಕಳಿಸಿದ್ದೇನೆ. ಅದರಲ್ಲಿ ನಾನು ಒಂದು ಅಕ್ಷರವನ್ನೂ ಸೇರಿಸಿಲ್ಲ. ನನ್ನ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ.

ಎಂ. ಟ್ರೆಲೋರ್

*

ವಾವ್
೧೮ ನವೆಂಬರ್ ೧೯೩೭

ಟ್ರೆಲೋರ್ ಅವರಿಗೆ,

ನಿಮ್ಮ ಕಾಗದಕ್ಕಿಂತ ಮೊದಲು ಇನ್ಸ್‌ಪೆಕ್ಟರು ಬಂದರು. ನನ್ನ ಲೈಸೆನ್ಸನ್ನು ತಡೆದಿಟ್ಟಿದ್ದಾರೆ. ವಿಮಾನ ಗೋಣಿ ಹೊದ್ದು ನಿಂತಿದೆ. ಡಿಸೆಂಬರ್ ಇಪ್ಪತ್ತಕ್ಕೆ ವಿಚಾರಣೆ. ಬಾರಿನ ಮಾತು ಸಾಕ್ಷಿಯಲ್ಲವಂತೆ. ಅವರ ಕೈಯಲ್ಲಿರುವ ಸಾಕ್ಷಿ ಒಂದೇ, ನಿಮ್ಮ ಪ್ರತಿಯಲ್ಲಿ ಇಲ್ಲದ ಆ ಸಾಲು. "ಒರೊಂಬದಿಂದ ನೇರ ಸಲಮೋವಾಕ್ಕೆ ಹೋದ್ಯಾ?" ಅಂತ ಕೇಳಿದರು. ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಉತ್ತರ ಕೊಡದಿದ್ದರೆ ಲೈಸೆನ್ಸು ಪೂರ್ತಿ ರದ್ದು.

ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಕೇಳಿ.

ಆಗಸ್ಟ್ ಒಂಬತ್ತಕ್ಕೆ ಅವರು ನಿಮ್ಮ ಮರ ಕಡಿದರು. ಅದು ಬೀಳಬೇಕಾದ ಕಡೆ ಬೀಳಲಿಲ್ಲ. ಕುಂಡುವನ ತಮ್ಮ ಬೊಯ್ಲೆಯ ಕಾಲ ಮೇಲೆ ಬಿತ್ತು. ಹನ್ನೊಂದಕ್ಕೆ ನಾನು ಉಪ್ಪು ಎಸೆಯಲು ಹೋದಾಗ ಮನಾಸೆ ಮಿಷನ್ನಿನ ಬಿಳಿ ಹಾಸಿಗೆಬಟ್ಟೆಗಳನ್ನು ಶಿಲುಬೆಯಂತೆ ಹಾಸಿದ್ದ. ಸಾವು ಹತ್ತಿರವಿದ್ದರೆ ಹಾಗೆ ಹಾಸು ಅಂತ ಅವನಿಗೆ ಹೇಳಿಟ್ಟವರು ನೀವೇ. ಕೆಳಗೆ ಹಾರಿ ನೋಡಿದೆ. ಚಾಪೆ ಮೇಲೆ ಒಬ್ಬ ಮಲಗಿದ್ದ. ಆದರೆ ಮೈದಾನದ ನಡುವೆ ಕೆಂಪುಗಿಡ ಹಾಗೇ ನಿಂತಿತ್ತು, ಅದರ ಸುತ್ತ ಗಂಡಸರು ಈಟಿ ಹಿಡಿದು ನಿಂತಿದ್ದರು. ಮೂರು ಸುತ್ತು ಹೊಡೆದೆ. ಒಬ್ಬನೂ ಕದಲಲಿಲ್ಲ. ತಮ್ಮ ಸಾಯುತ್ತಿದ್ದರೂ ಕುಂಡುವ ನಿಮಗೆ ಕೊಟ್ಟ ಮಾತು ಬಿಡಲು ತಯಾರಿರಲಿಲ್ಲ.

ಮೊಣಕಾಲ ಮೇಲೆ ಚೀಟಿ ಬರೆದು ಮನಾಸೆಗೆ ಎಸೆದೆ: 'ಮೆರ್ವಿ ನನ್ನ ಕಳಿಸಿದಾನೆ. ನಾನು ಇಳಿದ್ರೆ ಅವನು ಇಳಿದ ಹಾಗೆ.' ಅದು ಸುಳ್ಳು. ನೀವು ಕಳಿಸಿರಲಿಲ್ಲ. ಮನಾಸೆ ಗಟ್ಟಿಯಾಗಿ ಓದುವುದು ಕಾಣುತ್ತಿತ್ತು. ಕುಂಡುವ ತಲೆಯೆತ್ತಿ ಒಂದು ಪೂರ್ತಿ ಸುತ್ತು ನನ್ನನ್ನೇ ನೋಡಿದ. ಆಮೇಲೆ ತಾನೇ ಬಗ್ಗಿ ಗಿಡ ಕಿತ್ತ.

ಇಳಿದೆ. ಕಲ್ಲು ಜಾಸ್ತಿ, ಮೇಲಿನ ತುದಿ ತುಂಬ ಕಡಿದಾಗಿದೆ. ಕುಂಡುವ ಹತ್ತಿರ ಬಂದು ನನ್ನ ಗದ್ದ ಹಿಡಿದು ತಿರುಗಿಸಿ ನೋಡಿ, "ಮಾಸ್ಟ ಮೆರ್ವಿ ಕೇರ್ನ್ಸ್‌ಗೋಗಿ ಬಾಳಾ ಬದಲಾಗವ್ನೆ. ಗಡ್ಡನೇ ಹೋಗ್ಬಿಟ್ಟೈತೆ" ಅಂದ. ಅಷ್ಟು ಹೊತ್ತಿನಲ್ಲೂ ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆಮೇಲೆ ಅತ್ತೆ. ಬೊಯ್ಲೆಯನ್ನು ಮುಂದಿನ ಕೋಣೆಗೆ ಹಾಕಿಕೊಂಡು ನೇರ ಸಲಮೋವಾ ಆಸ್ಪತ್ರೆಗೆ ಹಾರಿದೆ. ಮೊಣಕಾಲಿನ ಕೆಳಗೆ ಕತ್ತರಿಸಿದರು, ಬದುಕಿದ್ದಾನೆ. ಸಮುದ್ರ ನೋಡಿ ಅವನಿಗೆ ಸಾಕಾಗಿದೆ, ಮನೆಗೆ ಯಾವಾಗ ಅಂತ ಕೇಳುತ್ತಿರುತ್ತಾನೆ. ಕರೆದೊಯ್ಯುವ ವಿಮಾನಕ್ಕೆ ಗೋಣಿ ಹೊದಿಸಿದ್ದಾರೆ.

ಹಂದಿಯ ಮಾತೂ ನಿಜ. ಬೊಯ್ಲೆಯ ಕಾಲಿಗೆ ದಬ್ಬೆ ಕಟ್ಟಿ ವಿಮಾನಕ್ಕೆ ಹೊತ್ತು ತರುವಷ್ಟರಲ್ಲಿ ಕೊಯ್ದುಬಿಟ್ಟಿದ್ದರು. ಆ ಕಣಿವೆಯಲ್ಲಿ ಕೇಳಿ, ಮೊದಲು ಇಳಿದವನು ಮೆರ್ವಿ. ಮೆರ್ವಿಯ ಪಾಲಿನ ಈಲಿಯನ್ನು ಅವನ ಬಾಯಾಗಿ ನಾನು ತಿಂದೆ. ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ.

ಯಾಕೆ ಬಚ್ಚಿಟ್ಟೆ ಅಂತೀರಾ? ಆ ಹುಲ್ಲಿನ ಮೇಲೆ ಇಳಿಯುವ ಆಸೆಯಿಂದಲೇ ನೀವು ಹನಿ ಹಾಕಿಕೊಳ್ಳುತ್ತಿದ್ದೀರಿ ಅಂತ ನನಗೆ ಗೊತ್ತಿತ್ತು. ಮರ ಕಡಿಸಿದ್ದು ನಿಮ್ಮ ಚೀಟಿ ಅನ್ನುವುದನ್ನೂ ಕಾಗದದಲ್ಲಿ ಹೇಳಲು ಮನಸ್ಸು ಬರಲಿಲ್ಲ. ಈಗ ಹೇಳಿದೆ.

ಥೋರಾ ಲಿಂಡೆಮನ್

*

ಕೇರ್ನ್ಸ್
೪ ಡಿಸೆಂಬರ್ ೧೯೩೭

ಥೋರಾ,

ನಿನ್ನ ಕಾಗದ ಮಂಗಳವಾರ ಬಂತು. ಬುಧವಾರ ಡಾಕ್ಟರ ಹತ್ತಿರ ಹೋಗಬೇಕಿತ್ತು, ಹೋದೆ. ಎಡಗಣ್ಣಲ್ಲಿ ನಾಲ್ಕನೇ ಸಾಲು ಪೂರ್ತಿ ಓದಿದೆ. ಐದನೆಯದರಲ್ಲಿ ಎರಡಕ್ಷರ ಊಹಿಸಿದೆ, ಎರಡೂ ಸರಿ. "ಇನ್ನೇನ್ರೀ ಟ್ರೆಲೋರ್, ಹೊಸವರ್ಷಕ್ಕೆ ಹಾರ್ತೀರ!" ಅಂತ ಡಾಕ್ಟರು ಇಲಾಖೆಗೆ ಬರೆಯಲು ಪೆನ್ನು ಬಿಚ್ಚಿದ. ಸೋಮವಾರ ಬರೆಯಿರಿ, ಅವಸರವಿಲ್ಲ ಅಂದೆ. ನನ್ನ ಹಣೆ ಮುಟ್ಟಿ ನೋಡಿದ, ಜ್ವರವೇನೋ ಅಂತ.

ಮನೆಗೆ ಬಂದು ನಿನ್ನ ಆಗಸ್ಟ್ ಹಾಳೆ ತೆಗೆದೆ. ಹನ್ನೊಂದರ ಸಾಲಿಗೂ ಹನ್ನೆರಡರ ಸಾಲಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದೀಯ. ನೀನು ಬರೆದದ್ದು ಪೆನ್ಸಿಲಿನಲ್ಲಿ, ನನ್ನ ಹತ್ತಿರವೂ ಪೆನ್ಸಿಲು ಇದೆ. ನಿನ್ನ ಅಕ್ಷರ ಕಲಿಯಲು ಒಂದು ಸಂಜೆ ಹಿಡಿಯಿತು, ಕೋಳಿ ಕೆದಕಿದ ಹಾಗೆ ಬರೆಯುತ್ತೀಯ. ಈಗ ಅಲ್ಲಿ ಹೀಗಿದೆ: 'ವಾವ್‌ನಿಂದ ಸಲಮೋವಾ. ರೋಗಿ ಒಬ್ಬ, ತೂಕ ಒಂಬತ್ತು ಸ್ಟೋನ್. ಮೂವತ್ತು ನಿಮಿಷ.' ಆ ಹಾಳೆಯನ್ನು ಇನ್ಸ್‌ಪೆಕ್ಟರಿಗೆ ನಿನ್ನೆಯ ಟಪಾಲಿನಲ್ಲಿ ಕಳಿಸಿದ್ದೇನೆ. ಜೊತೆಗೆ ಕಾಗದ. ಅದರ ನಕಲು ನಿನಗೆ:

'ಮಹನೀಯರೇ, ಅಕ್ಟೋಬರಿನಲ್ಲಿ ನಾನು ಕಳಿಸಿದ ಪ್ರತಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಮೂಲವನ್ನು ಲಗತ್ತಿಸಿದೆ. ತಪ್ಪು ಕುಮಾರಿ ಲಿಂಡೆಮನ್ ಅವರದ್ದಲ್ಲ, ನನ್ನದು. ನನ್ನ ಎಡಗಣ್ಣಿಗೆ ಪುಟದ ಆ ಭಾಗ ಕಾಣಿಸುವುದಿಲ್ಲ. ಇಂಥ ಕಣ್ಣಿನವನು ದೂರು ಬರೆಯಬಾರದಿತ್ತು. ವಿಮಾನವನ್ನಂತೂ ಹಾರಿಸಲೇಬಾರದು. ನನ್ನ ಲೈಸೆನ್ಸಿನ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆ.'

ಅರ್ಜಿ ಇಟ್ಟುಕೊಂಡೇ ಆ ಮಾತು ಬರೆದರೆ ಅವನು ನಂಬುತ್ತಿರಲಿಲ್ಲ. ನಾನೂ ಎದುರಿನವನಾಗಿದ್ದರೆ ನಂಬುತ್ತಿರಲಿಲ್ಲ. ಸೋಮವಾರ ಡಾಕ್ಟರಿಗೂ ಹೇಳುತ್ತೇನೆ, ಗೋಡೆಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ ಅಂತ.

ಒಂಬತ್ತು ದಿನದ ದಾರಿಯನ್ನು ರೋಗಿ ಎರಡು ದಿನದಲ್ಲಿ ಹೇಗೆ ಬಂದ ಅಂತ ಇನ್ಸ್‌ಪೆಕ್ಟರು ಕೇಳಿದರೆ, ಮರ ಯಾವತ್ತು ಬಿತ್ತು ಅಂತ ಅವನಿಗೆ ಹೇಳಿದ್ದು ಯಾರು ಅಂತ ಕೇಳು. ಹೊತ್ತು ತಂದವರು ಒರೊಂಬದವರು, ಕಾಲಲ್ಲೇ ಮೈದಾನ ಮಾಡುವ ಜನ ಅನ್ನು. ಅದಂತೂ ನಿಜ.

ಲೈಸೆನ್ಸು ಕೈಗೆ ಬಂದ ತಕ್ಷಣ ಬೊಯ್ಲೆಯನ್ನು ಮನೆ ಸೇರಿಸುವ ದಾರಿ ನೋಡು. ಅದಕ್ಕೆ ಮೊದಲು ಮೈದಾನಕ್ಕೆ ಒಪ್ಪಿಗೆ ಪಡೆ. ಕಲ್ಲು ಹೆಕ್ಕಿಸು, ಮೇಲಿನ ತುದಿ ಇನ್ನಷ್ಟು ಕುಣಿಸು. ಇನ್ಸ್‌ಪೆಕ್ಟರನ್ನು ಕರೆದೊಯ್ದು ತೋರಿಸು, ಅವನನ್ನೂ ತಕ್ಕಡಿ ಹತ್ತಿಸು. ಆವತ್ತು ಹಾಳೆಯಲ್ಲಿ 'ಒರೊಂಬ, ಮೊದಲ ಇಳಿತ' ಅಂತ ನಿನ್ನ ಹೆಸರಿನಲ್ಲಿ ಬರೆದುಕೋ. ಕಣಿವೆಯವರು ಏನಾದರೂ ಅಂದುಕೊಳ್ಳಲಿ. ನಾನು ತಿನ್ನದ ಈಲಿಯ ರುಚಿ ನನಗೆ ಯಾರೂ ಹೇಳಿಕೊಡಲಾರರು.

ಬೊಯ್ಲೆಗೆ ನನ್ನ ಮಾತು ಮುಟ್ಟಿಸು: ಆ ಮರವನ್ನು ಕಡಿಸಿದವನು ನಾನು. ಅವನು ಬೈದರೆ ಬೈದದ್ದನ್ನು ಹಾಗೇ ಬರೆದು ಕಳಿಸು, ಮೃದು ಮಾಡಬೇಡ.

ನನ್ನ ಮನಸ್ಸು ದೊಡ್ಡದಾಯಿತು ಅಂತ ನೀನು ತಿಳಿಯಬಾರದು. ನಿನ್ನೆ ಅಂಚೆ ಕಚೇರಿಯಿಂದ ಬರುವಾಗ ತಲೆಯ ಮೇಲೆ ಯಾವುದೋ ವಿಮಾನ ಹೋಯಿತು. ನಾನು ನೋಡಲಿಲ್ಲ, ಪಕ್ಕದಲ್ಲಿದ್ದವರೆಲ್ಲ ನೋಡಿದರು. ಹೊಟ್ಟೆಯಲ್ಲಿ ಅದೇ ಉರಿ, ಒಂದು ಕಾಳಿನಷ್ಟೂ ಕಡಿಮೆಯಾಗಿಲ್ಲ. ಹಾಳೆ ಕಳಿಸುವುದನ್ನು ನಿಲ್ಲಿಸಬೇಡ. ಒರೊಂಬದಲ್ಲಿ ಇಳಿದ ಪ್ರತಿ ಸಲವೂ ದಿನ, ಗಂಟೆ, ಗಾಳಿ ಯಾವ ಕಡೆಯದು, ಹುಲ್ಲು ಒದ್ದೆಯೋ ಒಣಗಿತ್ತೋ ಎಲ್ಲ ಬರೆ. ಓದಿ ಉರಿದುಕೊಳ್ಳಲಿಕ್ಕೆ ನನಗೆ ಏನಾದರೂ ಬೇಕಲ್ಲ.

ಮರ್ವ್